ಶಿವ ಅವ್ನಾ?

ಉಡಿಗಾಲದ ಪುಟ್ಟಮಲ್ಲಪ್ಪ ಸೈಕಲ್ಲಿನಿಂದ ಬಿದ್ದರೆ ಯಾರೂ ಓಡಿ ಬರುವುದಿಲ್ಲ. ಕೂತಲ್ಲಿಂದಲೇ ಕತ್ತು ಚಾಚಿ, "ಶಿವ ಅವ್ನಾ?" ಎಂದು ಕೂಗುತ್ತಾರೆ. ಬಿದ್ದವನು ಬಿದ್ದಲ್ಲಿಂದಲೇ, "ಅವ್ನೆ ಕಣಪ್ಪ, ಅವ್ನಿಗೇನಾದದು? ಬಿದ್ದಿದ್ದು ನಾನು" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ಸೈಕಲ್ ಎತ್ತಿಕೊಂಡು ಹೋಗುತ್ತಾನೆ. ಇಷ್ಟೇ ಅದರ ಶಾಸ್ತ್ರ. ಇಪ್ಪತ್ತು ವರ್ಷದಿಂದ ಒಂದಕ್ಷರ ಬದಲಾಗಿಲ್ಲ.

ಹೊಸಬರಿಗೆ ಇದು ಅರ್ಥವಾಗದು, ಹೇಳಿಬಿಡುತ್ತೇನೆ. ಪುಟ್ಟಮಲ್ಲಪ್ಪ ಲಿಂಗ ಕಟ್ಟಿದವನು. ಕೊರಳಲ್ಲಿ ಶಿವದಾರ, ದಾರಕ್ಕೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ. ಎಂಟನೆಯ ವಯಸ್ಸಿಗೆ ಅಪ್ಪ ಕಟ್ಟಿಸಿದ್ದು. ಕಟ್ಟಿಸಿದ ದಿನವೇ ಎದುರಿಗೆ ಕೂರಿಸಿಕೊಂಡು ಹೇಳಿದ್ದ: "ನೋಡ್ಲಾ ಮಗ, ಬಿದ್ರೆ ಮೊದ್ಲು ಶಿವನ್ನ ಇಡ್ಕೊ, ಆಮೇಲೆ ನಿನ್ನ ಇಡ್ಕೊ. ಇದು ಮೈಮ್ಯಾಲೆ ಇಲ್ದೆ ಒಂದ್ ತೊಟ್ಟು ನೀರೂ ಗಂಟ್ಲಲ್ಲಿ ಇಳೀಬಾರ್ದು." ಅಪ್ಪಂದಿರು ಹೇಳುವ ನೂರು ಮಾತಿನಲ್ಲಿ ತೊಂಬತ್ತೊಂಬತ್ತು ಗಾಳಿಗೆ ಹೋಗುತ್ತವೆ. ಈ ಒಂದು ಮಾತು ಮಾತ್ರ ಹುಡುಗನ ತಲೆಗೆ ಹೋಗದೆ ನೇರವಾಗಿ ಬಲಗೈಗೆ ಹೋಯಿತು. ಲೋಕದವರೆಲ್ಲ ಬೀಳುವಾಗ ಎರಡೂ ಕೈಯನ್ನು ನೆಲಕ್ಕೆ ಊರುತ್ತಾರೆ. ಪುಟ್ಟಮಲ್ಲಪ್ಪನ ಬಲಗೈ ಎದೆಗೆ ಹೋಗಿ ಕರಡಿಗೆಯನ್ನು ಹಿಡಿದುಕೊಳ್ಳುತ್ತದೆ. ಉಳಿದ ಭಾರವನ್ನೆಲ್ಲ ಎಡಮೊಳಕೈ ಹೊರಬೇಕು.

ಹರವೆಯ ಕಡೆಗೆ ಹೊರಳುವ ತಿರುವಿನಲ್ಲಿ ಮರಿಯಯ್ಯನ ಟೀ ಅಂಗಡಿ ಇದೆ. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಬಿದ್ದಾಗ ಪುಟ್ಟಮಲ್ಲಪ್ಪ ಎದೆ ಹಿಡಿದುಕೊಂಡು ಮಲಗಿದ್ದನ್ನು ನೋಡಿ ಮರಿಯಯ್ಯ ಹಾಲಿನ ಪಾತ್ರೆ ಬಿಟ್ಟು ಓಡಿ ಬಂದಿದ್ದ. ಹಾರ್ಟ್ ಅಟ್ಯಾಕೇ ಇರಬೇಕೆಂದು ಆಟೋಗೆ ಕೂಗಿದ್ದೂ ಆಯಿತು. ಅಷ್ಟರಲ್ಲಿ ಬಿದ್ದವನು ಮುಷ್ಟಿ ಬಿಚ್ಚಿ ಕರಡಿಗೆ ತೋರಿಸಿದ. ಅತ್ತ ಒಲೆಯ ಮೇಲೆ ಎರಡು ಲೀಟರ್ ಹಾಲು ಉಕ್ಕಿ ಹೋಗಿತ್ತು. "ಥೂ ನಿನ್ನ, ಎದೆ ಒಡ್ದೋಯ್ತು ಅಂತಿದ್ರೆ! ಶಿವ ಅವ್ನಾ?" ಎಂದ ಮರಿಯಯ್ಯ. "ಅವ್ನೆ, ಬಿದ್ದಿದ್ದು ನಾನು" ಎಂದ ಇವನು. ಆವತ್ತಿನ ನಗು ಊರೂರು ಸುತ್ತಿತು. ಮರಿಯಯ್ಯ ಮತ್ತೆಂದೂ ಓಡಿ ಬರಲಿಲ್ಲ, ಹಾಲು ಉಕ್ಕಿಸಿಕೊಳ್ಳುವುದಕ್ಕೆ ಅವನೇನು ಹುಚ್ಚನೇ?

ಅರ್ಧ ಎಕರೆ ಬಾಳೆ ಪುಟ್ಟಮಲ್ಲಪ್ಪನದು. ಅದರ ಎಲೆ ಸಾಲದೆ ಅಕ್ಕಪಕ್ಕದ ತೋಟಗಳಲ್ಲೂ ಕೊಯ್ದು, ಸುರುಳಿ ಸುತ್ತಿ, ಕಟ್ಟು ಕಟ್ಟಿ, ಕ್ಯಾರಿಯರಿನ ಮೇಲೆ ಹೇರಿಕೊಂಡು ದಿನಾ ಬೆಳಿಗ್ಗೆ ಚಾಮರಾಜನಗರದ ಹೋಟೆಲುಗಳಿಗೆ ಹಾಕುತ್ತಾನೆ. ಮುಕ್ಕಾಲು ಗಂಟೆಯ ತುಳಿತ. ವಯಸ್ಸು ಅರವತ್ತೊಂದು. ಸೈಕಲ್ ತುಳಿಯಲು ಶುರುಮಾಡಿದ್ದು ಹನ್ನೆರಡಕ್ಕೆ, ಬೀಳಲು ಶುರುಮಾಡಿದ್ದೂ ಹನ್ನೆರಡಕ್ಕೇ. ಮೊದಲ ಸಲ ಬಿದ್ದದ್ದು ತಿಪ್ಪೆಗುಂಡಿಗೆ. ದಡದ ಮೇಲೆ ಕ್ಲಾಸಿನ ಹುಡುಗರೆಲ್ಲ ನಿಂತಿದ್ದರು. ನಗುವವರ ಮುಂದೆ ಎಡವಿ ಬಿದ್ದ ಹಾಗೆ ಎನ್ನುತ್ತಾರಲ್ಲ, ಅದಕ್ಕೆ ಹುಡುಗ ಆವತ್ತೇ ಒಂದು ಮದ್ದು ಕಂಡುಕೊಂಡ. ಅವರು ಬಾಯಿ ತೆರೆಯುವ ಮೊದಲು ತಾನೇ ಗಟ್ಟಿಯಾಗಿ ನಕ್ಕುಬಿಟ್ಟ. ಆಮೇಲೆ ಅವರು ನಕ್ಕರೂ ಅದು ಇವನ ಜೊತೆ ನಕ್ಕ ಹಾಗಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿಯಲ್ಲ ಇವನು. ಮಣ್ಣಾದ ಮೀಸೆಯನ್ನೇ ಎಲ್ಲರಿಗೂ ಮೊದಲು ತೋರಿಸುವವನು.

ಮಗಳು ನಯನಾಳ ನಿಶ್ಚಿತಾರ್ಥ ನಡೆದದ್ದು ಗುಂಡ್ಲುಪೇಟೆಯಲ್ಲಿ, ಗಂಡಿನ ಮನೆಯಲ್ಲಿ. ವೀಳ್ಯದೆಲೆ ಕಡಿಮೆ ಬಿತ್ತೆಂದು ಯಾರದೋ ಸೈಕಲ್ ಇಸಿದುಕೊಂಡು ತರಲು ಹೋದ ಪುಟ್ಟಮಲ್ಲಪ್ಪ ವಾಪಸು ಬರುವಾಗ ಬೀಗರ ಬಾಗಿಲಲ್ಲೇ, ಹೊಸ ಬಿಳಿ ಪಂಚೆಯ ಸಮೇತ, ಚರಂಡಿಗೆ ಬಿದ್ದ. ಬಲಗೈ ಎದೆಯ ಮೇಲಿತ್ತು. ಎಡಮೊಳಕೈಯಲ್ಲಿ ಏನೋ ಲಟಕ್ಕೆಂದ ಸದ್ದು ಅವನೊಬ್ಬನಿಗೇ ಕೇಳಿಸಿತು. "ನಿಮ್ಮೂರ ನೆಲಕ್ಕೆ ಒಂದು ನಮಸ್ಕಾರ ಬಾಕಿ ಇತ್ತು ಬೀಗ್ರೆ, ಮಾಡ್ಬುಟ್ಟೆ" ಎಂದ. ಇಡೀ ಚಪ್ಪರ ನಕ್ಕಿತು. ಶಾಸ್ತ್ರ ಮುಗಿಯುವ ತನಕ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಹಲ್ಲು ಕಚ್ಚಿಕೊಂಡು ಕೂತಿದ್ದ. ಆ ಕೈ ಆಮೇಲೆ ಪೂರ್ತಿ ನೆಟ್ಟಗಾಗಲೇ ಇಲ್ಲ. ಗುಂಡ್ಲುಪೇಟೆಯಲ್ಲಿ ಈಗಲೂ ಅವನು "ಬಿದ್ದ ಬೀಗರು".

ಇದೆಲ್ಲ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಈಚೆಗೆ ಎರಡು ಮೂರು ವರ್ಷದಿಂದ ಪುಟ್ಟಮಲ್ಲಪ್ಪನಿಗೆ ಸಾಕಾಗಿತ್ತು. ಬೀಳುವುದು ಸಾಕಾಗಿದ್ದಲ್ಲ, ಸೈಕಲ್ ಹತ್ತಿದವನು ಬೀಳಲೇಬೇಕು. ನಗುವುದು ಸಾಕಾಗಿತ್ತು. ಬಿದ್ದು, ಉಸಿರು ಸಿಕ್ಕಿಹಾಕಿಕೊಂಡು, ಕಣ್ಣು ಕತ್ತಲಿಟ್ಟಿರುವಾಗ ಎಲ್ಲಿಂದಲೋ ಒಂದು ನಗುವನ್ನು ಎಳೆದು ತರಬೇಕಲ್ಲ, ಅದಕ್ಕೆ ಎಲೆ ಹೊರುವುದಕ್ಕಿಂತ ಹೆಚ್ಚು ತ್ರಾಣ ಬೇಕಾಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಶಿವ ಇದ್ದಾನೋ ಎಂದು ಕೇಳಿದವರು ಸಾವಿರ ಜನ; ನಲವತ್ತೊಂಬತ್ತು ವರ್ಷದಲ್ಲಿ ನಿನಗೆ ಪೆಟ್ಟಾಯಿತೋ ಎಂದು ಕೇಳಿದ ಒಬ್ಬರ ಮುಖವೂ ಅವನಿಗೆ ನೆನಪಾಗುತ್ತಿರಲಿಲ್ಲ. ತಪ್ಪು ಅವರದಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಕೇಳುವುದಕ್ಕೆ ಅವನೇ ಯಾವತ್ತು ಸಂದು ಬಿಟ್ಟಿದ್ದ?

ಆವತ್ತು ಆಷಾಢದ ನಡುಮಧ್ಯ. ನಮ್ಮ ಕಡೆ ಆಷಾಢದ ಗಾಳಿ ಎಂದರೆ ಹುಡುಗಾಟವಲ್ಲ, ಮನೆಯ ಹೆಂಚನ್ನೇ ಎಬ್ಬಿಸಿ ಮಾತಾಡಿಸುತ್ತದೆ. ಎರಡು ಕಟ್ಟು ಬಾಳೆಎಲೆ ಹೇರಿಕೊಂಡು ಪುಟ್ಟಮಲ್ಲಪ್ಪ ಮರಿಯಯ್ಯನ ಅಂಗಡಿಯ ತಿರುವಿಗೆ ಬಂದಾಗ ಏಳು ಗಂಟೆ. ರಸ್ತೆಯ ಒಂದು ಕಡೆ ಅಂಗಡಿ, ಇನ್ನೊಂದು ಕಡೆ ಚೆಂಡುಹೂವಿನ ಹೊಲ. ಹೊಲ ಪೂರಾ ಅರಳಿ ಹಳದಿಯಾಗಿತ್ತು, ಹೆಂಗಸರು ಬುಟ್ಟಿ ಹಿಡಿದು ಬಿಡಿಸುತ್ತಿದ್ದರು. ಕೇರಳದ ಕಾರುಗಳು ನಿಂತು ಫೋಟೋ ತೆಗೆದುಕೊಂಡು ಹೋಗುವ ಜಾಗ ಅದು. ಆ ಹೊತ್ತಿನಲ್ಲಿ ಕಾರಿರಲಿಲ್ಲ, ಮರಿಯಯ್ಯನ ಅಳಿಯ ಗಿರೀಶ್ ಸ್ಟೇಟಸ್ಸಿಗೆ ಹಾಕಲು ಹೊಲದ ವಿಡಿಯೋ ಮಾಡುತ್ತ ನಿಂತಿದ್ದ.

ಗಾಳಿ ಹೊಲದ ಕಡೆಯಿಂದ ಬೀಸಿ ಎಲೆಯ ಕಟ್ಟಿಗೆ ಬಡಿಯಿತು. ಮುಂದಿನ ಚಕ್ರ ರಸ್ತೆಯ ಅಂಚಿನ ಜಲ್ಲಿಗೆ ಇಳಿಯಿತು. ಹ್ಯಾಂಡಲ್ ತಿರುಗಿತು. ಯಾವುದೋ ಒಂದು ಕ್ಷಣ ಕತ್ತಿನ ಹಿಂದೆ ಏನೋ ಜಗ್ಗಿದ ಹಾಗಾಯಿತು, ಆಮೇಲೆ ಆಕಾಶ ಕಂಡಿತು, ಆಮೇಲೆ ಜಲ್ಲಿ.

"ಶಿವ ಅವ್ನಾ?" ಬೆಂಚಿನ ಕಡೆಯಿಂದ ಮೂರು ನಾಲ್ಕು ಗಂಟಲು ಒಟ್ಟಿಗೆ ಕೂಗಿದವು.

"ಅವ್ನೆ ಕಣ್ರಪ್ಪ, ಬಿದ್ದಿದ್ದು ನಾನು!"

ನಗು ಬಂತು. ಪುಟ್ಟಮಲ್ಲಪ್ಪನೂ ನಕ್ಕ. ಬಲಗೈಯ ಮಣಿಕಟ್ಟು ಬೆಂಕಿ ಬಿದ್ದ ಹಾಗೆ ಉರಿಯುತ್ತಿತ್ತು. ಗಿರೀಶ್ ಒಂದು ಕೈಯಲ್ಲಿ ಫೋನು ಹಿಡಿದೇ ಇನ್ನೊಂದು ಕೈಯಲ್ಲಿ ಸೈಕಲ್ ಎತ್ತಿಕೊಟ್ಟ. ಕಟ್ಟು ಬಿಚ್ಚಿರಲಿಲ್ಲ, ಮೇಲಿನ ಎರಡು ಎಲೆ ಸೀಳಿದ್ದವು ಅಷ್ಟೆ. ಹತ್ತಿ ನಾಲ್ಕು ಸಲ ತುಳಿಯುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದ ಹಾಗಾಯಿತು. ಇನ್ನೂ ಒಂದು ತಮಾಷೆ ಉಳಿದಿರಬೇಕು ಎಂದುಕೊಂಡು, ತಿರುಗಿಯೂ ನೋಡದೆ, ಎಡಗೈ ಎತ್ತಿ ಬೀಸಿ, ಗಾಳಿಗೆ ಕೇಳಿಸುವಂತೆ ಇನ್ನೊಮ್ಮೆ ನಕ್ಕು ಮುಂದೆ ಹೋದ.

ಪೇಟೆಯಲ್ಲಿ ಅವನು ಮೊದಲು ಎಲೆ ಹಾಕುವುದು ರಾಜಶೇಖರನ ಹೋಟೆಲಿಗೆ. ಎಲೆ ಇಳಿಸಿ, ಅಲ್ಲೇ ಎರಡು ಇಡ್ಲಿ ತಿಂದು ಮುಂದಿನ ಹೋಟೆಲಿಗೆ ಹೋಗುವುದು ವಾಡಿಕೆ. ತಟ್ಟೆ ಬಂತು. ಪುಟ್ಟಮಲ್ಲಪ್ಪ ಕೈ ತೊಳೆದುಕೊಂಡು, ತುತ್ತಿಗೆ ಮುಂಚೆ ಎಂದಿನ ಹಾಗೆ ಅಂಗಿಯ ಮೇಲಿಂದ ಎದೆ ಮುಟ್ಟಿಕೊಂಡ.

ಎದೆಗೆ ಎದೆಯೇ ಸಿಕ್ಕಿತು.

ಒಳಗೆ ಕೈ ಹಾಕಿದ. ಸೊಂಟದ ಸುತ್ತ ತಡವಿದ. ಅಂಗಿಯ ಒಳಬದಿಗೆ ತುಂಡಾದ ದಾರದ ಗೇಣುದ್ದದ ಚೂರೊಂದು ಅಂಟಿಕೊಂಡಿತ್ತು. ಹೊಸ ದಾರ ಕಟ್ಟಿಸಬೇಕು ಎಂದು ಯುಗಾದಿಯಿಂದ ಹೇಳಿಕೊಳ್ಳುತ್ತಲೇ ಇದ್ದ. ಅಡುಗೆಮನೆಗೆ ನುಗ್ಗಿ, ಆಗಲೇ ಇಳಿಸಿದ್ದ ಎಲೆಗಳನ್ನು ಒಂದೊಂದಾಗಿ ಕೊಡವಿ ನೋಡಿದ. ಐವತ್ತಮೂರು ವರ್ಷ ಒಂದು ಗಳಿಗೆಯೂ ಮೈ ಬಿಟ್ಟಿರದ ಲಿಂಗ ಈಗ ಇಲ್ಲ.

"ಇಡ್ಲಿ ಆರ್ತದೆ ಬನ್ನಿ ಮಲ್ಲಪ್ಪನೋರೆ. ಎಲೇಲಿ ಏನ್ ಉಡುಕ್ತಾ ಇದ್ದೀರಿ, ನಿಧಿಯಾ?" ಎಂದ ರಾಜಶೇಖರ.

"ಒಟ್ಟೆ ಸರಿಯಿಲ್ಲ ಇವತ್ತು, ಬ್ಯಾಡ" ಎಂದ. ನೀರೂ ಬೇಡವೆಂದ.

ಆಮೇಲೆ ಉಳಿದ ಮೂರು ಹೋಟೆಲಿಗೆ ಹೇಗೆ ಎಲೆ ಹಾಕಿದನೋ ಅವನಿಗೇ ತಿಳಿಯದು. ಹಾಕದೆ ಬಿಡುವಂತಿರಲಿಲ್ಲ, ಒಂಬತ್ತು ಗಂಟೆಗೆ ಊಟದ ಎಲೆ ಅಲ್ಲಿರಬೇಕು. ಸೈಕಲ್ ತುಳಿಯುತ್ತ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿಕೊಂಡ: ಕೈ ಯಾಕೆ ಎದೆಗೆ ಹೋಗಲಿಲ್ಲ? ಬಲಮಣಿಕಟ್ಟು ಊದಿ ಬಾಳೆದಿಂಡಿನ ಗಾತ್ರವಾಗಿತ್ತು. ಅಂದರೆ ಕೈ ನೆಲಕ್ಕೆ ಹೋಗಿದೆ. ಎಲ್ಲರ ಕೈ ಹೋಗುವ ಹಾಗೆ, ತನ್ನನ್ನು ಉಳಿಸಿಕೊಳ್ಳಲು. ಯಾರನ್ನೂ ಕೇಳದೆ ಕೈ ತಾನೇ ತೀರ್ಮಾನ ಮಾಡಿಬಿಟ್ಟಿದೆ. ಪುಟ್ಟಮಲ್ಲಪ್ಪನಿಗೆ ಅಪ್ಪನ ಮುಖ ನೆನಪಾಗಿ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಇನ್ನೊಂದಕ್ಕೆ. ಶಿವ ಇದ್ದಾನಾ ಎಂದು ಕೇಳಿದಾಗ ಮುಟ್ಟಿ ಕೂಡ ನೋಡದೆ "ಅವ್ನೆ" ಎಂದಿದ್ದ. ನಾಲಿಗೆಯೂ ತಾನೇ ತೀರ್ಮಾನ ಮಾಡಿತ್ತು.

ಹೋದರೆ ಆ ತಿರುವಿನಲ್ಲೇ ಹೋಗಿರಬೇಕು. ಹುಡುಕಬೇಕಾದರೆ ಮರಿಯಯ್ಯನ ಬೆಂಚಿನ ಎದುರಿಗೇ ಹುಡುಕಬೇಕು. ಬೆಂಚಿನವರು ಏನು ಹುಡುಕುತ್ತೀಯ ಎನ್ನುತ್ತಾರೆ. ಆಗ, ಬೆಳಿಗ್ಗೆ ಹೇಳಿದ್ದು ಸುಳ್ಳು, ಶಿವ ಇಲ್ಲ, ಎನ್ನಬೇಕು. ಹೇಳುವ ವಿಷಯ ಇಷ್ಟೇ, ಆದರೆ ಅದನ್ನು ನೆನೆದರೆ ಕಾಲು ಪೆಡಲಿನ ಮೇಲೆ ಭಾರವಾಗುತ್ತಿತ್ತು. ಇಪ್ಪತ್ತು ವರ್ಷ ನಗಿಸಿದ ಮಾತು. ಅದನ್ನು ಈಗ ಬಿಚ್ಚಿ ಅದರೊಳಗೆ ಏನೂ ಇಲ್ಲವೆಂದು ತೋರಿಸುವುದು.

ಹತ್ತು ಗಂಟೆಗೆ ತಿರುವಿಗೆ ಬಂದ. ಹೊಲದ ಈ ತುದಿಯಲ್ಲಿ ಯಾರೂ ಕಾಣಲಿಲ್ಲ, ಹೆಂಗಸರೆಲ್ಲ ಆಚೆ ತುದಿಯಲ್ಲಿ ಹೂವಿನ ಮೂಟೆಯ ಸುತ್ತ ನಿಂತಿದ್ದರು. ಇಳಿದು, ಚೈನು ಬಿದ್ದವನಂತೆ ಸೈಕಲ್ ಪಕ್ಕ ಕುಕ್ಕರುಗಾಲಲ್ಲಿ ಕೂತು, ಜಲ್ಲಿಯ ಮೇಲೆ ಕಣ್ಣಾಡಿಸಿದ. ಬೀಡಿ ತುಂಡು, ಬಿಸ್ಕತ್ತಿನ ಪೊಟ್ಟಣ, ಉದುರಿದ ಚೆಂಡುಹೂವು.

"ಏನ್ ಮಲ್ಲಪ್ಪಣ್ಣ, ಬಿದ್ದ ಜಾಗಕ್ಕೆ ಪೂಜೆ ಮಾಡಕ್ಕೆ ಬಂದ್ಯಾ?" ಮರಿಯಯ್ಯ ಅಂಗಡಿಯೊಳಗಿಂದಲೇ ಕೂಗಿದ. "ಕಾಯಿ ಒಡೀಬೇಕಾ, ಇಲ್ಲ ನೀನೇ ಇನ್ನೊಂದ್ಸಲ ಒಡ್ಕೊತೀಯಾ?"

ಬೆಂಚು ನಕ್ಕಿತು. ಪುಟ್ಟಮಲ್ಲಪ್ಪ ಹೇಳಬೇಕೆಂದು ಬಾಯಿ ತೆರೆದ. ತೆರೆದ ಬಾಯಿಂದ ನಗುವೇ ಬಂತು. "ನೆಲಕ್ಕೇನಾದ್ರೂ ಪೆಟ್ಟಾಯ್ತಾ ಅಂತ ನೋಡ್ದೆ ಕಣಯ್ಯ" ಎಂದು ಹೇಳಿ, ಸೈಕಲ್ ಹತ್ತಿ, ಉಡಿಗಾಲಕ್ಕೆ ಬಂದುಬಿಟ್ಟ. ದಾರಿಯುದ್ದಕ್ಕೂ ತನ್ನನ್ನು ತಾನು ಬೈದುಕೊಂಡ. ಹಲ್ಲು ಕಿರಿಯುವುದೊಂದು ಬಿಟ್ಟು ನಿನಗೆ ಬೇರೇನು ಬರುತ್ತದೋ, ಎಂದು.

ಹೆಂಡತಿ ಪುಟ್ಟಬಸಮ್ಮ ಮಾತು ಕಡಿಮೆಯ ಹೆಂಗಸು. ಗಂಡ ಬಿದ್ದು ಬಂದಾಗ ಅವಳೂ ನಗುವವಳೇ, ಆದರೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು. ಆವತ್ತು ಅವಳು ಮುದ್ದೆ ಕಟ್ಟಿಟ್ಟು, ಸೊಪ್ಪಿನ ಸಾರಿನ ಪಾತ್ರೆ ಮುಂದಿಟ್ಟುಕೊಂಡು, ಕೈಯಲ್ಲಿ ಫೋನು ಹಿಡಿದು ಕೂತಿದ್ದಳು. ನಗು ಇರಲಿಲ್ಲ.

"ನಯನಾ ಕಳ್ಸವ್ಳೆ. ನೀವು ಬಿದ್ದದ್ದು ನೀವು ಏಳೋಕ್ ಮುಂಚೆ ಗುಂಡ್ಲುಪೇಟೆಗೆ ಓಗ್ಯದೆ" ಎಂದಳು.

ಗಿರೀಶನ ವಿಡಿಯೋ. ಯಾರೋ ಅದಕ್ಕೆ ಡೋಲಿನ ಸದ್ದು, ನಗುವಿನ ಸದ್ದು ಸೇರಿಸಿ ಗ್ರೂಪಿಗೆ ಬಿಟ್ಟಿದ್ದರು. ಗ್ರೂಪಿನಿಂದ ಗ್ರೂಪಿಗೆ ಹಾರಿ ಅದು ಬೀಗರ ಮನೆ ಸೇರಿ, ಮಗಳ ಮೂಲಕ ತಾಯಿಯ ಕೈಗೆ ವಾಪಸು ಬಂದಿತ್ತು. ಹದಿನೇಳು ಸೆಕೆಂಡು. ಪುಟ್ಟಮಲ್ಲಪ್ಪ ಗೋಡೆಗೆ ಒರಗಿ ಕೂತ. ಬಾಯಿ ಒಣಗಿ ಅಂಟಿಕೊಳ್ಳುತ್ತಿತ್ತು.

"ಕೈ ತೊಳ್ಕೊ ಬನ್ನಿ, ಉಣ್ಣೀರಂತೆ."

"ಅಸಿವಿಲ್ಲ ಕಣಮ್ಮಿ."

"ಮಜ್ಜಿಗೆ ಕುಡೀರಿ."

"ಬ್ಯಾಡ ಬುಡು."

ಪುಟ್ಟಬಸಮ್ಮ ಮಜ್ಜಿಗೆಯ ಲೋಟ ಪಕ್ಕಕ್ಕಿಟ್ಟಳು. ಆಮೇಲೆ ಫೋನನ್ನು ಅವನ ಮುಂದೆ ಹಿಡಿದಳು. "ಇದ್ನ ಇಪ್ಪತ್ತು ಸಲ ನೋಡ್ದೆ ನಾನು. ಮೊದ್ಲು ನಗು ಬಂತು, ಸುಳ್ಳ್ಯಾಕೆ ಏಳ್ಳಿ. ಆಮೇಲೆ ನೋಡಿದ್ರೆ ನಿಮ್ಮ ಕೈ ನೆಲಕ್ಕೆ ಓಯ್ತು."

ಅವನು ಊದಿದ ಕೈಯನ್ನು ಮಡಿಲಿಗೆ ಎಳೆದುಕೊಂಡ.

"ನಲವತ್ತು ವರ್ಸದಿಂದ ನೋಡೀವ್ನಿ. ಒಂದಿನ ನೆಲಕ್ಕೆ ಓಗ್ನಿಲ್ಲ ಆ ಕೈ." ಅವಳ ಧ್ವನಿ ತಗ್ಗಿತು. "ಲಿಂಗ ಎಲ್ಲಿ?"

ಬೆಳಗಿನಿಂದ ಎದೆಯಲ್ಲಿ ಅದುಮಿಟ್ಟದ್ದು ಒಂದೇ ಮಾತಿಗೆ ಒಡೆಯಿತು. "ಇಲ್ಲ ಕಣಮ್ಮಿ" ಎಂದ. ತುಂಡುದಾರವನ್ನು ಜೇಬಿನಿಂದ ತೆಗೆದು ತೋರಿಸಿದ. ಸಾವಿರಾರು ಜನ ನೋಡಿ ನಕ್ಕ ವಿಡಿಯೋದಲ್ಲಿ ಕಾಣಬೇಕಾದದ್ದನ್ನು ಕಂಡವಳು ಇವಳೊಬ್ಬಳೇ ಎಂದು ಅವನಿಗೆ ಅನಿಸಿತು, ಅದಕ್ಕೆ ಸಂತೋಷ ಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಅವಳು ಬೈಯಲಿಲ್ಲ. ವಿಡಿಯೋವನ್ನು ಇನ್ನೊಮ್ಮೆ ಹಾಕಿ ಬೆರಳಿಟ್ಟು ತೋರಿಸಿದಳು. "ನಿಮ್ಮನ್ನ ನೋಡ್ಬ್ಯಾಡಿ. ಇಲ್ ನೋಡಿ, ಹಿಂದ್ಗಡೆ."

ಪುಟ್ಟಮಲ್ಲಪ್ಪ ಮೊದಲ ಬಾರಿಗೆ ತಾನು ಬೀಳುವುದನ್ನು ನೋಡಿದ. ಮುದುಕನೊಬ್ಬ ಬೀಳುತ್ತಿದ್ದಾನೆ. ಮುದುಕ ನೋವಿಗೆ ಮುಖ ಕಿವುಚಿದ, ಮರುಕ್ಷಣವೇ ಹಲ್ಲು ಬಿಟ್ಟ. ನೋಡಲಾಗಲಿಲ್ಲ. ಹೆಂಡತಿಯ ಬೆರಳಿನ ಕಡೆ ಕಣ್ಣು ಹೊರಳಿಸಿದ. ಹಿಂದೆ, ಹಳದಿ ಹೊಲದ ಅಂಚಿನಲ್ಲಿ, ಕೆಂಪು ಸೀರೆಯ ಹೆಂಗಸೊಬ್ಬಳು ನೆಟ್ಟಗೆ ಎದ್ದು ನಿಂತಿದ್ದಳು. ಕೊನೆಯ ಎರಡು ಸೆಕೆಂಡಿನಲ್ಲಿ ಅವಳು ಕೈ ಎತ್ತಿ ಏನೋ ಕೂಗುತ್ತಿದ್ದಳು. ಡೋಲಿನ ಸದ್ದಿನಲ್ಲಿ ಕೂಗು ಕೇಳುತ್ತಿರಲಿಲ್ಲ. ಪೂರ್ತಿ ವಿಡಿಯೋದಲ್ಲಿ ನಗದೆ ಇದ್ದವಳು ಅವಳೊಬ್ಬಳೇ.

"ಓಗಿ ಬನ್ನಿ" ಎಂದಳು ಪುಟ್ಟಬಸಮ್ಮ. ಸಾರಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಳು. "ನೀವ್ ಬಂದ್ಮ್ಯಾಲೆ ನಾನೂ ಉಂಡೇನು."

ಊದಿದ ಕೈಯಲ್ಲಿ ಇನ್ನೊಮ್ಮೆ ಹ್ಯಾಂಡಲ್ ಹಿಡಿಯಲಾಗದೆ ಅವನು ನಡೆದೇ ಹೊರಟ. ಬಿಸಿಲಿರಲಿಲ್ಲ, ಗಾಳಿ ಮಾತ್ರ ಬೆಳಗಿನದೇ. ಹೊಟ್ಟೆ ಖಾಲಿ, ಗಂಟಲು ಖಾಲಿ, ಎದೆ ಖಾಲಿ. ತಿರುವು ಕಾಣುವಷ್ಟರಲ್ಲಿ ಮಧ್ಯಾಹ್ನ ಒಂದಾಗಿತ್ತು. ಬೆಂಚಿನ ಮೇಲೆ ಅದೇ ಮಂದಿ. ಸೈಕಲ್ಲಿಲ್ಲದೆ ನಡೆದು ಬರುವ ಪುಟ್ಟಮಲ್ಲಪ್ಪನನ್ನು ಕಂಡು ಮರಿಯಯ್ಯನಿಗೆ ಖುಷಿಯೋ ಖುಷಿ.

"ಏನಣ್ಣೋ, ನಡ್ಕೊಂಡ್ ಬರ್ತಿದ್ದೀಯ! ಇವತ್ತು ಬಿದ್ದದ್ದು ಸೈಕಲ್ಲಾ? ಶಿವ ಅವ್ನಾ?"

ಬೆಂಚು ನಗುವುದಕ್ಕೆ ತಯಾರಾಗಿ ಅವನ ಮುಖ ನೋಡಿತು. ಪುಟ್ಟಮಲ್ಲಪ್ಪ ರಸ್ತೆಯ ನಡುವೆ ನಿಂತ. ಎಂದಿನ ಉತ್ತರ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ. ಒಣಗಂಟಲಲ್ಲಿ ಅದು ಸುಲಭಕ್ಕೆ ಇಳಿಯಲಿಲ್ಲ.

"ಇಲ್ಲ ಕಣಯ್ಯ" ಎಂದ. "ಬೆಳಿಗ್ಗೆ ಸುಳ್ಳು ಏಳ್ಬುಟ್ಟೆ. ಮುಟ್ಟಿ ನೋಡ್ದೆ ಏಳ್ಬುಟ್ಟೆ. ಶಿವ ಇಲ್ಲ."

ಒಬ್ಬಿಬ್ಬರು ನಕ್ಕರು, ಅಭ್ಯಾಸಬಲ. ಆಮೇಲೆ ಅವನ ಮುಖ ನೋಡಿ ನಿಲ್ಲಿಸಿದರು. ಮರಿಯಯ್ಯ ಒಲೆ ಸಣ್ಣ ಮಾಡುವುದನ್ನೂ ಮರೆತು ಈಚೆ ಬಂದ. "ಬೆಳಿಗ್ಗಿಂದ ಏನೂ ಉಂಡಿಲ್ವಾ?" ಎಂದು ಮೆಲ್ಲಗೆ ಕೇಳಿದ. ಕೇಳಿ, ಉತ್ತರಕ್ಕೆ ಕಾಯದೆ, ಲುಂಗಿ ಎತ್ತಿ ಕಟ್ಟಿ, ಜಲ್ಲಿಯ ಮೇಲೆ ಬಗ್ಗಿದ. ಗಿರೀಶನೂ ಫೋನು ಜೇಬಿಗೆ ಹಾಕಿಕೊಂಡು ಬಗ್ಗಿದ.

"ಅಲ್ಲಲ್ಲ ಕಣ್ರಪ್ಪೋ, ಇಲ್ಲಿ ಅದೆ!"

ಹೊಲದ ಅಂಚಿನಿಂದ ಕೂಗು. ಕೆಂಪು ಸೀರೆ. ಹೂ ಬಿಡಿಸುವ ಚಿಕ್ಕನಿಂಗಮ್ಮ, ಆಚೆ ಕೇರಿಯವಳು. ದಿನಾ ಹಾದುಹೋಗುವಾಗ ಕಂಡಿದ್ದ ಮುಖ, ಮಾತಾಡಿಸಿದ್ದಿಲ್ಲ. ಅವಳ ಕಾಲ ಬಳಿ, ಹೂವಿನ ಸಾಲಿನ ನಡುವೆ, ಒಂದು ಬಿದಿರು ಬುಟ್ಟಿ ಬೋರಲಾಗಿ ಮಲಗಿತ್ತು. ಗಾಳಿಗೆ ಹಾರದ ಹಾಗೆ ಅದರ ಮೇಲೊಂದು ಕಲ್ಲು. ಉಳಿದ ಹೆಂಗಸರು ಆಗಲೇ ಮನೆಗೆ ಹೋಗಿದ್ದರು.

ಪುಟ್ಟಮಲ್ಲಪ್ಪ ಕಲ್ಲು ಸರಿಸಿ, ಎಡಗೈಯಲ್ಲಿ ಬುಟ್ಟಿ ಎತ್ತಿದ. ನಾಲ್ಕು ಚೆಂಡುಹೂವಿನ ನಡುವೆ ಕರಡಿಗೆ ಬಿದ್ದಿತ್ತು, ಮುಚ್ಚಳ ಕೂಡ ತೆರೆದಿರಲಿಲ್ಲ.

"ಅಲ್ಲಿಂದ ಆರ್ಕೊಂಡು ಬಂದು ನನ್ ಮುಂದ್ಗಡೆ ಬಿತ್ತು" ಎಂದಳು ಚಿಕ್ಕನಿಂಗಮ್ಮ. "ನಿಮ್ ಸಿವನ್ನ ನಾವು ಮುಟ್ಬೋದೋ ಬ್ಯಾಡ್ವೋ ಗೊತ್ತಾಗ್ನಿಲ್ಲ. ಅದ್ಕೆ ಬುಟ್ಟಿ ಬೋರ್ಲಾಕ್ದೆ. ಕೂಗ್ದೆ ಕಣಣ್ಣೋ, ಗಂಟ್ಲು ಅರ್ಕೊಂಡು ಕೂಗ್ದೆ. ನೀವು ನಗ್ನಗ್ತಾ ಒಂಟೋದ್ರಿ."

"ಬೆಂಚಿನೋರ್ಗಾದ್ರೂ ಏಳ್ಬಾರ್ದಿತ್ತಾ ತಾಯಿ" ಎಂದ ಪುಟ್ಟಮಲ್ಲಪ್ಪ.

"ಏಳಿದ್ರೆ ನಗ್ತಿರ್ನಿಲ್ವಾ ಅವ್ರು?" ಎಂದಳು, ಅಂಗಡಿಯ ಕಡೆ ಒಂದು ನೋಟ ಬಿಸಾಕಿ. "ಬಂದೇ ಬತ್ತೀರಿ ಅಂತ ಕಾಯ್ಕೊಂಡಿದ್ದೆ. ತೂಕಕ್ಕೆ ಒಂದ್ ಗಳಿಗೆ ಆಚೆ ಓಗಿದ್ದೆ ಅಷ್ಟೇಯ."

ಹತ್ತು ಗಂಟೆಗೆ ತಾನು ಚೈನಿನ ನೆವ ಮಾಡಿ ಕೂತ ಗಳಿಗೆ ಅದೇ ಇರಬೇಕು. ತಾನು ನಗದೆ ಇನ್ನೊಂದು ಗಳಿಗೆ ಅಲ್ಲಿ ನಿಂತಿದ್ದರೆ ಈ ಹೆಂಗಸಿನ ಅರ್ಧ ದಿನ ಉಳಿಯುತ್ತಿತ್ತು. ಮುಟ್ಟಬಹುದೋ ಬೇಡವೋ ಎಂದು ಅವಳು ಅನುಮಾನಿಸಿದ್ದು ಅವನ ಎದೆಗೆ ಮುಳ್ಳಿನಂತೆ ಚುಚ್ಚಿತು, ಅನುಮಾನ ಅವಳಿಗೆ ಸುಮ್ಮನೆ ಬಂದದ್ದಲ್ಲವಲ್ಲ. ಅವಳ ಹತ್ತಿರ ಬಾಟಲಿಯಲ್ಲಿ ಸ್ವಲ್ಪ ನೀರಿತ್ತು. "ಕೊಡವ್ವ" ಎಂದು ಕೈ ಚಾಚಿದ. ಅವಳು ತಡವರಿಸಿ ಕೊಟ್ಟಳು. ಕರಡಿಗೆಗೆ ನೀರು ಹೊಯ್ದು ತೊಳೆದು, ಕಣ್ಣಿಗೊತ್ತಿಕೊಂಡು, ಅದರಲ್ಲಿ ಉಳಿದಿದ್ದ ದಾರಕ್ಕೆ ಜೇಬಿನ ತುಂಡು ಸೇರಿಸಿ ಕೊರಳಿಗೆ ಹಿಡಿದುಕೊಂಡ. ಒಂದೇ ಕೈಯಲ್ಲಿ ಗಂಟು ಬೀಳದೆ ಮರಿಯಯ್ಯ ಬಂದು ಹಾಕಿಕೊಟ್ಟ. ಆಮೇಲೆ ಬಾಟಲಿಯಲ್ಲಿ ಉಳಿದ ನೀರನ್ನು ಪುಟ್ಟಮಲ್ಲಪ್ಪ ಅಲ್ಲೇ ನಿಂತು ಗಟಗಟ ಕುಡಿದ. ಬೆಳಗಿನಿಂದ ಗಂಟಲಿಗೆ ಇಳಿದ ಮೊದಲ ನೀರು.

ಶಿವ ಎದೆಗೆ ಬಂದಿದ್ದ. ಮರಿಯಯ್ಯನ ಮುಖದಲ್ಲಿ ಹಳೆಯ ತಮಾಷೆ ವಾಪಸು ಬರುತ್ತಿತ್ತು. ಪುಟ್ಟಮಲ್ಲಪ್ಪನೂ ಏನಾದರೊಂದು ಹೇಳಿ ನಗಿಸಿ ಹೊರಡಬೇಕೆಂದು ಮೀಸೆ ಒರೆಸಿಕೊಂಡ.

ಚಿಕ್ಕನಿಂಗಮ್ಮ ಅವನ ಕೈಯನ್ನೇ ನೋಡುತ್ತಿದ್ದಳು. "ಅಣ್ಣೋ," ಎಂದಳು, "ನಿಮ್ಗೆ ಪೆಟ್ಟಾಯ್ತಾ?"

ಪುಟ್ಟಮಲ್ಲಪ್ಪ ನಗಲು ಬಾಯಿ ತೆರೆದ. ನಗು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನ ಮಾಡಿದ, ತುಟಿ ಅದುರಿತೇ ಹೊರತು ನಗುವಾಗಲಿಲ್ಲ. ಹೊಲದ ಬದುವಿನ ಮೇಲೆ, ಅವಳ ಬುಟ್ಟಿಯ ಪಕ್ಕ, ಕುಸಿದು ಕೂತ. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಬೆಂಚಿನವರೆಲ್ಲ ನೋಡುತ್ತಿದ್ದರು, ನೋಡಲಿ ಎಂದುಕೊಂಡ.

"ಆಯ್ತು ಕಣವ್ವ" ಎಂದ. "ಬೋ ನೋಯ್ತದೆ."

ಅವಳು ಎದುರಿಗೆ ಕುಕ್ಕರಿಸಿದಳು. "ಎಲ್ಲಿ, ತೋರ್ಸಿ."

ಊದಿದ ಬಲಗೈ ಮುಂದೆ ಚಾಚಿ, "ಇದು ಇವತ್ತಿಂದು" ಎಂದ. ಆಮೇಲೆ, ಯಾರೂ ಕೇಳದಿದ್ದರೂ, ಅಂಗಿಯ ತೋಳು ಮೇಲೆತ್ತಿ ನೆಟ್ಟಗಾಗದ ಎಡಮೊಳಕೈಯನ್ನೂ ಅವಳ ಮುಂದೆ ಹಿಡಿದ. "ಇದು ನನ್ ಮಗಳ ನಿಶ್ಚಿತಾರ್ಥದ್ದು."